ಮೂರನೆಯ ಕೂಗು

ಜೂನ್ 8, 2025, ಭಾನುವಾರ

ಬರೆಯಲು ಕೂತರೆ ನಮ್ಮಜ್ಜಿ ಕಥೆ ಶುರು ಮಾಡುತ್ತಿದ್ದ ಹಾಗೇ ಬರುತ್ತದೆ. ಒಂದೂರಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ ಇದ್ದರು. ಇದ್ದರು ಅಲ್ಲ, ಇದ್ದಾರೆ. ಅಕ್ಕ ಆಶಾರಾಣಿ, ಅಂದರೆ ನಾನೇ, ದಂಡಿಗನಹಳ್ಳಿಯಲ್ಲಿ ಅಂಗನವಾಡಿ ಟೀಚರ್. ತಮ್ಮ ಸುನೀಲ್‌ಕುಮಾರ, ಹಾಸನದಲ್ಲಿ ಹೆಂಡತಿ ವರ್ಷಾಳ ಜೊತೆ ಮನೆ ಮಾಡಿಕೊಂಡಿರುವವನು. ಭಾನುವಾರ ಬಂತೆಂದರೆ ಪೇಟೆಯ ಜನರನ್ನು ವ್ಯಾನಿಗೆ ತುಂಬಿಕೊಂಡು, ಬೆಟ್ಟವೋ ಕಾಡೋ ಅಬ್ಬಿಯೋ ತೋರಿಸಿ, ಸಂಜೆಗೆ ವಾಪಸ್ ಕರೆತರುವುದು ಅವನ ಕಸುಬು.

ಹೋದ ವರ್ಷ ಜುಲೈನಲ್ಲಿ ಸಕಲೇಶಪುರದಾಚೆ ಕಡವೆ ಅಬ್ಬಿ ಅನ್ನುವ ಜಲಪಾತಕ್ಕೆ ಹೋಗಿದ್ದರು. ಎಲ್ಲರೂ ವ್ಯಾನಿನ ಹತ್ತಿರ ಬಂದು ಸೇರಿದ ಮೇಲೆ ಒಬ್ಬಳು ಕಡಿಮೆ ಬಿದ್ದಳು. ಹುಡುಕಿಕೊಂಡು ಸುನೀಲ ಕಾಡಿನೊಳಕ್ಕೆ ವಾಪಸ್ ಹೋದ. ಸ್ವಲ್ಪ ಹೊತ್ತಿಗೆ ಆ ಹುಡುಗಿ ಬೇರೆ ಕಾಲುದಾರಿಯಲ್ಲಿ ತಾನೇ ನಡೆದುಕೊಂಡು ಬಂದು ವ್ಯಾನು ಹತ್ತಿದಳು. ಸುನೀಲ ಬರಲಿಲ್ಲ. ಅಷ್ಟರಲ್ಲಿ ಹಳ್ಳ ಏರಿತ್ತು. ಅಗ್ನಿಶಾಮಕದವರು, ಊರವರು ಎಲ್ಲ ಸೇರಿ ಹುಡುಕಿದರೂ ಬಟ್ಟೆಯ ಚೂರೂ ಸಿಗಲಿಲ್ಲ.

ಸಿಗಲಿಲ್ಲ ಅಂದರೆ ಏನರ್ಥ? ನೀರಿಗೆ ಬಿದ್ದವನು ಎಲ್ಲಾದರೂ ತೇಲಬೇಕು. ತೇಲಿಲ್ಲ, ಅಂದರೆ ಬಿದ್ದಿಲ್ಲ. ತಲೆಗೆ ಪೆಟ್ಟಾಗಿ ಮರೆವು ಹಿಡಿದಿರಬಹುದು. ಯಾವುದಾದರೂ ಕಾಫಿ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಯಾರೋ ಪುಣ್ಯಾತ್ಮರು ಗಂಜಿ ಕೊಟ್ಟು ಇಟ್ಟುಕೊಂಡಿರಬಹುದು.

ಅದಕ್ಕೇ ಇವತ್ತಿನಿಂದ ನಾನೂ ಹೊರಟೆ. ವ್ಯಾನು ಓಡಿಸುವ ಅರುಣ್‌ಕುಮಾರ ಸುನೀಲನ ಗೆಳೆಯ. ಈಗ ಅವನೇ ಜನ ಸೇರಿಸಿ ಕರೆದೊಯ್ಯುತ್ತಾನೆ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಸೀರೆ ಉಟ್ಕಂಡ್ ಬೆಟ್ಟ ಅತ್ತೀರಾ ಅಕ್ಕ?"

"ಸೌದೆ ಒರೆ ಒತ್ಕಂಡ್ ಗುಡ್ಡ ಅತ್ತಿ ಇಳ್ದೋಳು ಕಣ್ಲಾ ನಾನು. ನಿನ್ ಬ್ಯಾಗೂ ಕೊಡು ಬೇಕಾದ್ರೆ."

"ಅಂಗಾದ್ರೆ ಬಾಲ ಆಗಿ ಬನ್ನಿ."

ಸಾಲಿನ ಕೊನೆಯಲ್ಲಿ ನಡೆಯುವವರಿಗೆ ಇವರು ಬಾಲ ಅನ್ನುತ್ತಾರೆ. ಬಾಲ ಬಂದರೇ ವ್ಯಾನು ಹೊರಡುವುದು. ಸುನೀಲ ಯಾವಾಗಲೂ ಬಾಲವೇ. ಮುಂದೆ ಹೋಗೋನಿಗೆ ಬೆಟ್ಟ ಕಾಣ್ತದೆ, ಇಂದೆ ಬರೋನಿಗೆ ಜನ ಕಾಣ್ತಾರೆ ಅನ್ನುತ್ತಾನೆ.

ನನ್ನ ಕಣ್ಣಿಗೆ ಇವತ್ತು ಜನ ಕಾಣಲಿಲ್ಲ. ಪೊದೆ ಪೊದೆಯನ್ನೂ ನೋಡಿದೆ. ದಾರಿಯ ಟೀ ಅಂಗಡಿಯಲ್ಲಿ ಅವನ ಫೋಟೋ ತೋರಿಸಿದೆ.

ಆ ಹುಡುಗಿಯೂ ವ್ಯಾನಿನಲ್ಲಿದ್ದಳು. ಹಾಸನದಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸವಂತೆ. ಯಾವ ಮುಖ ಇಟ್ಟುಕೊಂಡು ಬರುತ್ತಾಳೋ. ಹೆಸರು ಗೊತ್ತು. ಬರೆಯುವುದಿಲ್ಲ.

ಜೂನ್ 11, ಬುಧವಾರ

ಸೋದರಮಾವ ಲಕ್ಕಣ್ಣ ಬಂದಿದ್ದ. ಜಗುಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡ ಮೇಲೆ ಶುರು ಮಾಡಿದ.

"ಈ ಮಾಲಯ ಅಮಾಸೆ ಒಳಗೆ ಕಲ್ ತಂದ್ಬುಡಾನ ಕಣವ್ವ. ಇನ್ನೊಂದ್ ವರ್ಸ ಆ ಜೀವ ಈಚೆ ನಿಂತ್ಕಬಾರ್ದು."

ನಮ್ಮ ಕಡೆ ನೀರಿಗೆ ಹೋದವರ ದೇಹ ಸಿಗದಿದ್ದರೆ ಕಲ್ಲು ತರುತ್ತಾರೆ. ಹೋದ ಜಾಗಕ್ಕೆ ಹೋಗಿ ಹೆತ್ತವಳು ಹೆಸರು ಹಿಡಿದು ಮೂರು ಸಲ ಕೂಗಬೇಕು. ಅದೇ ಹೊಟ್ಟೆಯಲ್ಲಿ ಹುಟ್ಟಿದವರು ಬಂಡೆಯ ಮರೆಯಲ್ಲಿ, ನೀರಿನಿಂದ ಎತ್ತಿದ ಕಲ್ಲು ಹಿಡಿದು ನಿಂತಿರಬೇಕು. ಮೂರನೇ ಕೂಗಿಗೆ ಸತ್ತವನ ಬದಲು ಓ, ಬಂದೆ ಅಂದು ಈಚೆ ಬರಬೇಕು. ಆ ಕಲ್ಲನ್ನು ತಂದು ಹೊಲದಲ್ಲಿ ಅಪ್ಪನ ಸಮಾಧಿಯ ಗುಡ್ಡೆಯ ಪಕ್ಕ ಮಣ್ಣು ಮಾಡಿದರೆ ಅವನು ಸತ್ತ ಹಾಗೆ. ಆಮೇಲೆ ಅಮಾವಾಸ್ಯೆಯ ಎಡೆಯಲ್ಲಿ ಹಿರಿಯರ ಜೊತೆ ಅವನಿಗೂ ಎಲೆ. ಅಲ್ಲಿಯವರೆಗೆ ಹೊಸ್ತಿಲಾಚೆ ಹಸಿದು ನಿಂತಿರುತ್ತಾನಂತೆ.

ಅವ್ವನ ಹೊಟ್ಟೆಯಲ್ಲಿ ಹುಟ್ಟಿದವರು ನಾವಿಬ್ಬರೇ. ಓಗೊಡುವವಳು ನಾನೊಬ್ಬಳೇ.

"ನಾನ್ ಅನ್ನಕಿಲ್ಲ ಮಾವ. ಬದುಕಿರೋನ್ನ ನನ್ ಬಾಯಲ್ಲೇ ಸಾಯ್ಸು ಅಂತೀಯಾ?"

"ನಾನೆಲ್ಲಿ ಅಂಗಂದೆ?"

"ಇನ್ನೆಂಗಂದೆ?"

ಮಾವ ಎದ್ದು ಹೋದ. ನಮ್ಮವ್ವ ಬೆಳ್ಳಮ್ಮ ಅಂದರೆ ಬೀದಿಗೆಲ್ಲ ಕೇಳುವ ಹಾಗೆ ನಗುತ್ತಿದ್ದವಳು. ಈಗ ಊಟಕ್ಕೆ ಮೂರು ತಟ್ಟೆ ಇಡುತ್ತಾಳೆ. ಒಂದನ್ನು ಬೋರಲು ಹಾಕಿ.

ಜೂನ್ 22, ಭಾನುವಾರ

ಗವಿಗುಡ್ಡ. ನೆತ್ತಿಯಲ್ಲಿ ಕಾಲು ನಿಲ್ಲದಷ್ಟು ಗಾಳಿ. ಕೆಳಗೆ ಮೋಡ ಹಾಲು ಉಕ್ಕಿದಂತೆ ಬರುತ್ತಿತ್ತು. ಎಲ್ಲರೂ ಫೋನ್ ಹಿಡಿದು ಹಲ್ಲು ಕಿರಿಯುತ್ತಿದ್ದರು. ನಾನು ಕೆಳಗಿನ ಹಾದಿ ನೋಡುತ್ತಿದ್ದೆ.

ದಪ್ಪ ಕನ್ನಡಕದ ಒಬ್ಬ ಹುಡುಗ, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು, ಜಡೆಗೆ ಬಣ್ಣ ಹಾಕಿಕೊಂಡ ಇಬ್ಬರು. ಹೆಸರು ಹೇಳಿದರು. ನನಗ್ಯಾಕೆ?

ಇಳಿಯುವಾಗ ದೂರದಲ್ಲಿ ನೀಲಿ ಅಂಗಿ. ಅದೇ ನಡಿಗೆ, ಎಡ ಭುಜ ಸ್ವಲ್ಪ ಇಳಿಬಿದ್ದು. ಸಾಲು ಬಿಟ್ಟು ಓಡಿದೆ. ದನ ಕಾಯುವವನು. ಗಾಬರಿಯಾಗಿ, "ಏನ್ ಬೇಕಿತ್ತವ್ವ?" ಅಂದ. ನೀರು ಬೇಕಿತ್ತು ಅಂದೆ. ಪಾಪ, ಬಾಟಲಿ ಕೊಟ್ಟ. ಕುಡಿದೆ.

ಹಿಂದಿರುಗಿ ನೋಡಿದರೆ ಸಾಲೆಲ್ಲ ನಿಂತಿತ್ತು. ಆ ಹುಡುಗಿ ಮಾತ್ರ ಅಳುತ್ತಿದ್ದಳು. ಅಳಲಿ.

ಮಂಡಿ ಊದಿದೆ. ಎಣ್ಣೆ ಹಚ್ಚಿಕೊಂಡು ಬರೆಯುತ್ತಿದ್ದೇನೆ.

ಜುಲೈ 6, ಭಾನುವಾರ

ಮಳೆ. ವ್ಯಾನು ಹೊರಡಲಿಲ್ಲ. ಇಡೀ ದಿನ ಬೋರಲು ಹಾಕಿದ ತಟ್ಟೆ ನೋಡುತ್ತ ಕೂತಿದ್ದೆ.

ಜುಲೈ 13, ಭಾನುವಾರ

ಸುನೀಲ ಕಾಣದೆ ಒಂದು ವರ್ಷವಾಯಿತು. ಹಾಸನದಿಂದ ವರ್ಷಾ ಬಂದಳು. ಅವ್ವನ ಕಾಲ ಹತ್ತಿರ ಕೂತು ಹುರುಳಿಕಾಳು ಆರಿಸುತ್ತಿದ್ದವಳು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದಳು.

"ಅತ್ತಿಗೆ, ಬೆಳಿಗ್ಗೆ ಕನ್ನಡಿ ಮುಂದೆ ನಿಂತ್ರೆ ಕೈ ಕುಂಕುಮದ ಹತ್ರ ಹೋಗ್ತದೆ, ಅಲ್ಲೇ ನಿಂತ್ಬಿಡ್ತದೆ. ಇಟ್ಕೊಂಡ್ ಹೋದ್ರೆ ಜನ ಒಂಥರಾ ನೋಡ್ತಾರೆ. ಇಟ್ಕೊಳ್ದೆ ಹೋದ್ರೆ ನಾನೇ ಅವರನ್ನ ಕೊಂದಂಗೆ ಆಗ್ತದೆ. ನಾನ್ ಏನ್ ಅಂತ ಬದುಕ್ಲಿ ಹೇಳಿ."

"ಅವನು ಬತ್ತಾನೆ ವರ್ಷಾ."

"ನೀವ್ ಅಂಗಂತೀರಿ. ಓ ಅನ್ನಲ್ಲ ಅಂತೀರಿ. ನೀವ್ ಹುಡುಕ್ತಾ ಇದ್ದೀರಿ, ಸರಿ. ನಾನು ಅತ್ತೆ ಕಾಯ್ತಾ ಇದ್ದೀವಲ್ಲ, ನಮಗೆ ನಡೆಯಕ್ಕೆ ಬೆಟ್ಟನೂ ಇಲ್ಲ."

ಅವ್ವ ಕಾಳು ಆರಿಸುತ್ತಲೇ ಇದ್ದಳು. ಒಂದೇ ಕಲ್ಲನ್ನು ತೆಗೆದು, ಮೊರಕ್ಕೆ ಹಾಕಿ, ಮತ್ತೆ ತೆಗೆಯುತ್ತಿದ್ದಳು.

ನನಗೆ ಕೋಪ ಬಂತು. ಹೊಳೆನರಸೀಪುರದ ಗಂಡನ ಮನೆಯಲ್ಲಿ ನಾನು ಕೊಟ್ಟಿಗೆಯಲ್ಲಿ ಮಲಗುತ್ತಿದ್ದ ಕಾಲ ನೆನಪಾಯಿತು. ಯಾರೂ ಬರಲಿಲ್ಲ. ಅಪ್ಪ ಕೂಡ ಹೊಂದಿಕೊಂಡು ಹೋಗು ಅಂದ. ಮೀಸೆ ಬರದ ಸುನೀಲ ಯಾರದೋ ಮೊಪೆಡ್ ಕೇಳಿಕೊಂಡು ಬಂದು, ಅತ್ತೆಯ ಎದುರಿಗೇ, "ಬಾರಕ್ಕ ಓಗಾನ" ಅಂದ. ಅಷ್ಟೇ ಮಾತು. ಹಿಂದೆ ಉಳಿದವರನ್ನು ಕರೆದುಕೊಂಡು ಬರುವವನು ಅವನು. ಅವನನ್ನು ಕರೆತರಲು ನಾನೊಬ್ಬಳು ಹೋಗಬಾರದೇ?

ಆಗಸ್ಟ್ 3, ಭಾನುವಾರ

ಘಟ್ಟದ ಕಡೆ ಇನ್ನೂ ಮಳೆಯೆಂದು ಅರುಣ ಎಲ್ಲರನ್ನೂ ನಮ್ಮ ಶ್ರವಣಬೆಳಗೊಳಕ್ಕೇ ಕರೆತಂದ. ಬರಿಗಾಲಲ್ಲಿ ಬಂಡೆ ಮೆಟ್ಟಿಲು ಹತ್ತಿ, ಹತ್ತಿದವರೆಲ್ಲ ಮೇಕೆಗಳ ಹಾಗೆ ಏದುಸಿರು ಬಿಟ್ಟರು. ಬ್ಯಾಂಕಿನ ನಂಜಪ್ಪನವರಿಗೆ ಸಕ್ಕರೆ ಕಾಯಿಲೆ, ಹತ್ತುವಾಗ ಸಕ್ಕರೆ ಇಳಿದು ಬೆವರಿಬಿಟ್ಟರು. ಅವರಿಗೆಂದು ಬೆಲ್ಲದ ಚೂರು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದು ಒಳ್ಳೆಯದಾಯಿತು. ದಪ್ಪ ಕನ್ನಡಕದ ಹರ್ಷವರ್ಧನನಿಗೆ ಇಳಿಜಾರಿನಲ್ಲಿ ತಲೆ ತಿರುಗುತ್ತದೆ. ಅವನನ್ನು ನನ್ನ ಮುಂದೆಯೇ ಇಳಿಸಿದೆ.

ಕೆಳಗೆ ನೆರಳಲ್ಲಿ ಬುತ್ತಿ ಬಿಚ್ಚಿದೆವು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಕಥೆ ಹೇಳಿ ಅಕ್ಕ ಅಂದರು. ಅಂಗನವಾಡಿಯ ಮಕ್ಕಳಿಗೆ ಹೇಳುವ ಕೂಗುಮಾರಿ ಕಥೆಯನ್ನೇ ಹೇಳಿದೆ.

ಜನರಿಲ್ಲದ ಕಾಡಿನಲ್ಲಿ, ಕತ್ತಲಾಗುವ ಹೊತ್ತಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಓ ಅನ್ನಬಾರದು. ಕೂಗುಮಾರಿ ಬೇಕಾದವರ ದನಿಯಲ್ಲೇ ಕರೆಯುತ್ತದೆ. ಓ ಅಂದವರ ಉಸಿರು ಆ ಓ ಜೊತೆಗೇ ಹೋಗುತ್ತದೆ. ಆದರೆ ಮಾರಿಗೆ ಮೂರು ಸಲ ಕೂಗುವ ದಮ್ಮಿಲ್ಲ. ನಮ್ಮಜ್ಜಿ ಹೇಳುತ್ತಿದ್ದಳು: "ಒಂದ್ನೇ ಕೂಗು ಮಾರೀದು, ಎರಡ್ನೇ ಕೂಗು ಗಾಳೀದು, ಮೂರ್ನೇ ಕೂಗು ಮನುಸುಂದು."

ಎಲ್ಲರೂ ನಕ್ಕರು. ಅರುಣ, "ಅದಕ್ಕೇ ನಮ್ಮೆಂಡ್ರು ಎರಡ್ ಸಲ ಕೂಗುದ್ರೂ ನಾನ್ ಮಾತಾಡಲ್ಲ" ಅಂದ.

ಆ ಹುಡುಗಿ ಕೈಯಲ್ಲಿದ್ದ ರೊಟ್ಟಿ ಹಾಗೇ ಇಟ್ಟು ಎದ್ದುಹೋಗಿ ವ್ಯಾನಿನಲ್ಲಿ ಕೂತಳು. ಮುಖ ಸುಣ್ಣದ ಗೋಡೆಯಾಗಿತ್ತು. ಏನು ಬಂತೋ ಅವಳಿಗೆ.

ಆಗಸ್ಟ್ 17, ಭಾನುವಾರ

ಇವತ್ತಿನದನ್ನು ಬರೆಯಲೇಬೇಕು.

ಅರಕಲಗೂಡಿನ ಕಡೆ ಒಂದು ಕುರುಚಲು ಕಾಡು. ಸಾಲು ಮುಂದೆ ಹೋಗುತ್ತಿತ್ತು. ಆ ಹುಡುಗಿ ಬೇಕೆಂದೇ ಹಿಂದೆ ಬಿದ್ದು, ನನ್ನ ಪಕ್ಕಕ್ಕೆ ಬಂದಳು. ನಾನು ಹೆಜ್ಜೆ ಚುರುಕು ಮಾಡಿದೆ. ಅವಳು ಸೆರಗು ಹಿಡಿದುಕೊಂಡಳು.

"ಅಕ್ಕ, ಅವತ್ತು ಸುನೀಲಣ್ಣ ಕೂಗಿದ್ದು ನಂಗ್ ಕೇಳಿಸ್ತು."

ನಿಂತೆ.

"ಯಾರ್ಗೂ ಹೇಳಿಲ್ಲ ಅಕ್ಕ. ದಾರಿ ತಪ್ಪಿತ್ತು, ಏನೂ ಕೇಳಿಸ್ಲಿಲ್ಲ ಅಂತ ಹೇಳ್ಬಿಟ್ಟೆ. ನಾನು ಪೊದೆ ಹಿಂದೆ ಕೂತಿದ್ದೆ. ಕಾಡಲ್ಲಿ ಹೆಂಗಸ್ರಿಗೆ ಇನ್ನೆಲ್ಲಿರ್ತದೆ ಜಾಗ? ಮೋಡ ಕವ್ಕೊಂಡು ಕತ್ಲಾದಂಗಾಗಿತ್ತು. ರೂಪಾ ಅಂತ ಕೂಗಿದ್ರು. ಓ ಅನ್ನೋದು ಬಾಯಿಗ್ ಬಂದಿತ್ತು ಕಣಕ್ಕ. ನಮ್ಮಜ್ಜಿನೂ ಅದೇ ಹೇಳಿದ್ರು. ನೀವ್ ಹೇಳಿದ್ರಲ್ಲ, ಅದೇ. ನಾಲ್ಗೆ ಕಚ್ಕೊಂಡೆ."

"ಆಮೇಲೆ?"

"ಹಳ್ಳದ ಹತ್ರದಿಂದ ಇನ್ನೊಂದ್ಸಲ ಕೂಗಿದ್ರು. ಜೋರಾಗಿ. ಮೂರ್ನೇದು ಕೂಗ್ಲಿ, ಓ ಅಂತೀನಿ ಅಂತ ಎದ್ದು ನಿಂತೆ. ಕಾದೆ ಅಕ್ಕ. ಕೂಗ್ಲೇ ಇಲ್ಲ. ಮಾರಿನೇ ಇರ್ಬೇಕು ಅಂತ ಹೆದರ್ಕೊಂಡು ಮೇಲಿನ ದಾರೀಲಿ ಓಡ್ಬಿಟ್ಟೆ."

ಕೆನ್ನೆಗೆ ಬಾರಿಸಬೇಕೆಂದು ಕೈ ಎತ್ತಿದೆ. "ಓದಿದೋಳಲ್ವೇನೇ ನೀನು? ಅಜ್ಜಿ ಕಥೆ ಕಟ್ಕಂಡು..." ಆ ಕಥೆಯನ್ನು ಅಂಗನವಾಡಿಯ ಮಕ್ಕಳ ಬಾಯಿಗೆ ದಿನವೂ ಹಾಕುವವಳು ನಾನೇ. ನನ್ನನ್ನೇ ಯಾರಾದರೂ ಕಾಡಿನಲ್ಲಿ ಕೂಗಿದ್ದರೆ ಓ ಅನ್ನುತ್ತಿದ್ದೆನೇ? ಇಲ್ಲ. ನಾನೂ ನಾಲಿಗೆ ಕಚ್ಚಿಕೊಂಡು ಮೂರನೆಯದಕ್ಕೆ ಕಾಯುತ್ತಿದ್ದೆ.

ಎತ್ತಿದ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವಳ ಹೆಗಲ ಮೇಲಿಟ್ಟೆ.

"ಎರಡೇನಾ ರೂಪಶ್ರೀ? ಸರಿಯಾಗಿ ಗ್ಯಾಪಕ ಮಾಡ್ಕ."

"ಎರಡೇ ಅಕ್ಕ."

"ಅಬ್ಬಿ ಸದ್ದಲ್ಲಿ ಮೂರ್ನೇದು ಕೇಳಿಸ್ದೆ ಇದ್ದಿರಬೋದು."

"ಎರಡ್ನೇದು ಅಷ್ಟು ಹತ್ರದಲ್ಲಿ ಕೇಳಿಸ್ತಕ್ಕ. ಮೂರ್ನೇದು ಇದ್ದಿದ್ರೆ ಕೇಳಿಸ್ತಿತ್ತು."

ಮುಂದಿನಿಂದ ಅರುಣ ಕೂಗುತ್ತಿದ್ದ, "ಬಾಲ ಎಲ್ಲಿ? ಬಾಲ ಬಂತಾ?" ಇಬ್ಬರೂ ಬಂದೆವು.

ಆಗಸ್ಟ್ 18, ಸೋಮವಾರ

ಸುನೀಲ ಎರಡಕ್ಕೆ ನಿಲ್ಲಿಸುವವನಲ್ಲ.

ಆಗಸ್ಟ್ 20, ಬುಧವಾರ

ನಾನೂ ಸುನೀಲನೂ ಒಂದೇ ಅಜ್ಜಿಯ ಮಡಿಲಲ್ಲಿ ಕಥೆ ಕೇಳಿದವರು. ಚಿಕ್ಕವನಿದ್ದಾಗ ಊಟಕ್ಕೆ ಕರೆದರೆ ಮೂರು ಸಲ ಕೂಗಿಸಿಯೇ ಬರುತ್ತಿದ್ದ. ಬೇರೆಯವರನ್ನು ಕರೆದರೂ ಮೂರು ಸಲ. ಅಂಗಡಿಯವನನ್ನು, ಬಸ್ಸಿನ ಕಂಡಕ್ಟರನ್ನು, ಮದುವೆಯಾದ ಮೇಲೆ ವರ್ಷಾಳನ್ನು. "ಒಂದ್ ಸಲ ಕರುದ್ರೆ ಸಾಲಲ್ವಾ, ನಂಗೇನ್ ಕಿವುಡಾ?" ಎಂದು ಅವಳು ರೇಗುತ್ತಿದ್ದಳು. ಉಸಿರಿದ್ದರೆ ಮೂರನೆಯದು ಕೂಗುತ್ತಿದ್ದ.

ಅನ್ನ ಸೇರಲಿಲ್ಲ. ಅವ್ವ ಏನೆಂದು ಕೇಳಿದಳು. ಹಲ್ಲು ನೋವು ಅಂದೆ.

ಆಗಸ್ಟ್ 31, ಭಾನುವಾರ

ಮತ್ತೆ ಗವಿಗುಡ್ಡ. ಮಂಜು ಎಷ್ಟೆಂದರೆ ಎದುರಿನವರ ಬೆನ್ನೂ ಕಾಣದು. ಜಡೆಗೆ ಬಣ್ಣ ಹಾಕಿಕೊಂಡವರಲ್ಲಿ ಚಿಕ್ಕವಳು, ಸ್ನೇಹಲತಾ, ಹೂವಿನ ಫೋಟೋ ತೆಗೆಯುತ್ತ ಹಿಂದೆಲ್ಲೋ ಉಳಿದಳು. ನಾನೇ ಬಾಲ. ನನ್ನ ಹಿಂದೆ ಒಬ್ಬರಿದ್ದಾರೆ ಅಂದರೆ ನಾನೆಂಥ ಬಾಲ? ರೂಪಶ್ರೀಯನ್ನು ಅಲ್ಲೇ ನಿಲ್ಲಿಸಿ ವಾಪಸ್ ಇಳಿದೆ. ಮೂರು ಸಲ ಬಿಡುವಿಲ್ಲದೆ ಕೂಗಿದೆ, ನಡುವೆ ಯಾವ ಮಾರಿಗೂ ಜಾಗ ಕೊಡದೆ. ಮಂಜಿನೊಳಗಿಂದ, "ಇಲ್ಲೇ ಇದೀನಕ್ಕಾ" ಅಂದಳು. ಕೈ ಹಿಡಿದುಕೊಂಡು ಮೇಲೆ ಬಂದೆ. ಬೈದೆ. ಬೈಸಿಕೊಂಡು ಒಂದು ಪೇರಲಹಣ್ಣು ಕೊಟ್ಟಳು.

ಇಂದೆ ಬರೋನಿಗೆ ಜನ ಕಾಣ್ತಾರೆ ಎಂದು ಸುನೀಲ ಹೇಳುತ್ತಿದ್ದ.

ಮನೆಗೆ ಬಂದು ಚೀಲ ಬಿಚ್ಚಿದಾಗ ಫೋಟೋ ಕಂಡಿತು. ಇವತ್ತು ಯಾರಿಗೂ ತೋರಿಸಿಲ್ಲ. ಹೋದ ವಾರವೂ ತೋರಿಸಿರಲಿಲ್ಲವೇನೋ. ಹಣ್ಣಿನ ಅಂಟು ತಾಗಿತ್ತು, ಒರೆಸಿ ಪೆಟ್ಟಿಗೆಯಲ್ಲಿ ಇಟ್ಟೆ.

ಆಮೇಲೆ ಅವ್ವನಿಗೆ ರೂಪಶ್ರೀ ಹೇಳಿದ್ದನ್ನೆಲ್ಲ ಹೇಳಿದೆ. ಅವ್ವ ಒಲೆಯ ಸೌದೆ ಮುಂದಕ್ಕೆ ನೂಕಿದಳು.

"ಎರಡೇ ಕೂಗುದ್ನಾ?"

"ಊಂ."

"ಮೂರ್ನೇದು ನನ್ ಪಾಲಿಗ್ ಉಳ್ಸವ್ನೆ" ಅಂದಳು.

ಲಕ್ಕಣ್ಣ ಮಾವನಿಗೆ ಫೋನ್ ಮಾಡಿದೆ.

ಸೆಪ್ಟೆಂಬರ್ 14, ಭಾನುವಾರ

ಅರುಣನ ವ್ಯಾನಿನಲ್ಲೇ ಹೋದೆವು. ಅವ್ವ, ವರ್ಷಾ, ಮಾವ, ನಾನು. ರೂಪಶ್ರೀ ಹಾಸನದಲ್ಲಿ ವ್ಯಾನಿನ ಬಾಗಿಲ ಹತ್ತಿರ ನಿಂತು ಹತ್ತಲೋ ಬೇಡವೋ ಎಂದು ನೋಡುತ್ತಿದ್ದಳು. ಅವ್ವನೇ ಸೀಟಿನಲ್ಲಿ ಸರಿದು ಜಾಗ ಮಾಡಿದಳು. "ಅತ್ತು ಮಗ. ಒತ್ತಾಯ್ತದೆ."

ಕಡವೆ ಅಬ್ಬಿಯ ದಾರಿ ಅವ್ವನ ಕಾಲಿಗೆ ಆಗುವಂಥದ್ದಲ್ಲ. ಅರುಣ ಬೆನ್ನು ಕೊಟ್ಟ. "ಕೂಸುಮರಿ ಕಣವ್ವ, ನಾಚ್ಕಬ್ಯಾಡ." ಅವ್ವ ಅವನ ತಲೆಗೆ ಮೊಟಕಿ ಬೆನ್ನೇರಿದಳು. ವರ್ಷವೆಲ್ಲ ಆದ ಮೇಲೆ ಅವಳ ತುಟಿ ಅಷ್ಟಾದರೂ ಅಲುಗಿದ್ದು ಇವತ್ತು.

ನೀರು ಇಳಿದಿತ್ತು. ಅಬ್ಬಿ ಬಂಡೆಯ ಮೇಲಿಂದ ಬಿಳಿ ಸೀರೆ ಒಣಹಾಕಿದಂತೆ ಬೀಳುತ್ತಿತ್ತು. ಇಷ್ಟು ಚೆಂದದ ಜಾಗ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೋದ ವರ್ಷ ಹುಡುಕಲು ಬಂದಾಗ ನೀರೇ ಕಂಡಿತ್ತು, ಅಬ್ಬಿ ಕಂಡಿರಲಿಲ್ಲ.

ರೂಪಶ್ರೀ ಪೊದೆಯ ಜಾಗ ತೋರಿಸಿದಳು. ಎರಡನೇ ಕೂಗು ಬಂದ ಕಡೆಯನ್ನೂ ತೋರಿಸಿದಳು. ಅಲ್ಲೇ ಹಳ್ಳಕ್ಕಿಳಿದು ನಾನು ಕಲ್ಲು ಎತ್ತಿದೆ. ಕೈಗೆ ಸಿಕ್ಕಿದ್ದನ್ನೇ ಎತ್ತಬೇಕು, ಆರಿಸಬಾರದು. ಬೆಲ್ಲದಚ್ಚಿನಷ್ಟು ದೊಡ್ಡದು, ಕರಿಯದು, ಒಂದು ಮಗ್ಗುಲು ಸ್ವಲ್ಪ ಇಳಿಬಿದ್ದಿತ್ತು. ಅದನ್ನು ಎದೆಗೆ ಹಿಡಿದುಕೊಂಡು ಬಂಡೆಯ ಮರೆಗೆ ಹೋದೆ. ತಣ್ಣನೆಯ ನೀರು ರವಿಕೆಯೊಳಕ್ಕೆ ಇಳಿಯಿತು.

"ಸುನೀಲಾ."

ಅದು ಅವ್ವನ ದನಿಯೇ ಅಲ್ಲ ಅನ್ನಿಸುವಷ್ಟು ಸಣ್ಣಗಿತ್ತು. ಮೊದಲ ಕೂಗು. ನಾಲಿಗೆ ಕಚ್ಚಿಕೊಂಡೆ.

"ಸುನೀಲಾ, ಮಗಾ."

ಎರಡನೆಯದು. ಈಗಲೂ ಓಡಿಹೋಗಬಹುದಿತ್ತು. ಮೇಲಿನ ಕಾಲುದಾರಿ ಪಕ್ಕದಲ್ಲೇ ಇತ್ತು. ನಾನು ಓ ಅನ್ನದಿದ್ದರೆ ಅವನು ಯಾವುದೋ ಲೈನ್ ಮನೆಯಲ್ಲಿ ಗಂಜಿ ಕುಡಿಯುತ್ತಲೇ ಇರುತ್ತಾನೆ. ಹಾಗೇ ಅವ್ವ ತಟ್ಟೆ ಬೋರಲು ಹಾಕುತ್ತಲೇ ಇರುತ್ತಾಳೆ.

ಮೂರನೆಯದು ಬರಲಿಲ್ಲ. ಅವ್ವನಿಗೂ ಆಗಲಿಲ್ಲ ಅಂದುಕೊಂಡೆ. ಮಾವ ಏನೋ ಹೇಳುತ್ತಿದ್ದ. ವರ್ಷಾ ಬಿಕ್ಕುವುದು ಕೇಳಿಸಿತು. ಆಮೇಲೆ ಬಂತು, ಹಿಂದೆ ಬೀದಿಗೆಲ್ಲ ಕೇಳುತ್ತಿದ್ದ ಅದೇ ಅವ್ವನ ದನಿ, ಅಬ್ಬಿಯ ಸದ್ದನ್ನು ಸೀಳಿಕೊಂಡು.

"ಲೇ ಸುನೀಲಾ! ಎಲ್ಲಿದ್ದೀಯ್ಲಾ?"

"ಓ. ಬಂದೆ ಕಣವ್ವ" ಅಂದೆ.

ಕಲ್ಲು ಹಿಡಿದು ಈಚೆ ಬಂದೆ. ಅವ್ವ ಕೈ ಚಾಚಿ ನಿಂತಿದ್ದಳು. ಕೊಡುವ ಮುಂಚೆ ಹೆತ್ತವಳು ತಡವೇಕೆಂದು ಕೇಳಬೇಕು, ಬಂದವರು ಬಾಯಿಗೆ ಬಂದದ್ದನ್ನು ಹೇಳಬೇಕು. ಏನು ಹೇಳುವುದೆಂದು ನಾನು ಯೋಚಿಸಿಯೇ ಇರಲಿಲ್ಲ.

"ಯಾಕ್ಲಾ ಮಗಾ ಇಷ್ಟೊತ್ತು?"

"ಇಂದೆ ಒಬ್ಳು ಉಳ್ಕಂಡಿದ್ಲು ಕಣವ್ವ" ಅಂದೆ. "ಕರ್ಕಂಡ್ ಬಂದೆ."

ರೂಪಶ್ರೀ ಕೂಗಿ ಅತ್ತುಬಿಟ್ಟಳು. ಅವಳ ಜೊತೆ ವರ್ಷಾ. ಅವ್ವ ಅಳಲಿಲ್ಲ. ಕಲ್ಲನ್ನು ಮಡಿಲಿಗೆ ಹಾಕಿಕೊಂಡು, ಸೆರಗಿನಲ್ಲಿ ಒರೆಸಿ ಒರೆಸಿ ನೀರು ಆರಿಸಿದಳು, ನೆನೆದು ಬಂದ ಮಗುವಿನ ತಲೆ ಒರೆಸುವ ಹಾಗೆ.

ವ್ಯಾನಿಗೆ ಹೋಗುವಾಗ ಎಲ್ಲರನ್ನೂ ಮುಂದೆ ಬಿಟ್ಟು ನಾನು ಕೊನೆಯಲ್ಲಿ ನಡೆದೆ.

ಸೆಪ್ಟೆಂಬರ್ 21, ಭಾನುವಾರ, ಅಮಾವಾಸ್ಯೆ

ಕಲ್ಲನ್ನು ಹೊಲದಲ್ಲಿ ಅಪ್ಪನ ಪಕ್ಕ ಮಣ್ಣು ಮಾಡಿಯಾಯಿತು. ಇವತ್ತು ಅಪ್ಪನ ಎಲೆಯ ಪಕ್ಕ ಅವನ ಎಲೆ. ಕಜ್ಜಾಯ, ವಡೆ, ಮಾಂಸದ ಸಾರು. ವರ್ಷಾ ಬಡಿಸಿದಳು. ಹಣೆ ಖಾಲಿ ಇತ್ತು, ಕೈ ಎಲ್ಲೂ ನಿಲ್ಲಲಿಲ್ಲ. ಅವ್ವ ಬೋರಲು ತಟ್ಟೆಯನ್ನು ತೊಳೆದು ಅಟ್ಟಕ್ಕೆ ಇಟ್ಟಳು.

ಸೆಪ್ಟೆಂಬರ್ 22, ಸೋಮವಾರ

ಅಂಗನವಾಡಿಯಲ್ಲಿ ಮಕ್ಕಳು ಕೂಗುಮಾರಿ ಕಥೆ ಬೇಕೆಂದು ಹಟ ಹಿಡಿದವು. ಬೇರೆ ಹೇಳುತ್ತೇನೆ ಅಂದರೂ ಕೇಳಲಿಲ್ಲ. ಶುರು ಮಾಡಿದೆ. ಮಾರಿ ಮೊದಲ ಸಲ ಕೂಗುವಲ್ಲಿಗೆ ಬಂದಾಗ ಪಕ್ಕದ ಬೀದಿಯ ಬೆಟ್ಟಮ್ಮನ ಮೊಮ್ಮಗಳು, ಮೂಗು ಸೋರುವವಳು, ಎದ್ದು ನಿಂತಳು.

"ಮಿಸ್, ಒಂದ್ನೇ ಸಲನೇ ಓ ಅಂದ್ಬುಟ್ರೆ ಏನಾಯ್ತದೆ?"

ಎಲ್ಲ ಮಕ್ಕಳೂ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದವು.

"ಏನೂ ಆಗಕಿಲ್ಲ ಕಣವ್ವ" ಅಂದೆ. "ನೀನಿದ್ದೀಯ ಅಂತ ಕೂಗಿದೋರಿಗೆ ಗೊತ್ತಾಯ್ತದೆ."